ಆಷಾಢದಲ್ಲಿ ಲಗ್ನವಿಲ್ಲ, ಶೆಟ್ಟಿಹಳ್ಳಿಯಲ್ಲಿ ನೀರಿದೆ

ಹಾಸನದಲ್ಲಿ ಮದುವೆ ಫೋಟೊ ತೆಗೆಯುವವರಿಗೆ ವರ್ಷಕ್ಕೆ ಎರಡು ಸಲ ಕೆಲಸ ನಿಲ್ಲುತ್ತದೆ. ಒಂದು ಆಷಾಢ, ಇನ್ನೊಂದು ಧನುರ್ಮಾಸ. ಹದಿನೈದು ವರ್ಷ ಆ ಎರಡು ತಿಂಗಳನ್ನು ನಾನೂ ಎಲ್ಲರ ಹಾಗೇ ಕಳೆದೆ. ಉಳಿದ ಆಲ್ಬಮ್ ಡಿಸೈನ್ ಮುಗಿಸುವುದು, ಬಾಕಿ ದುಡ್ಡಿಗೆ ಫೋನ್ ಮಾಡುವುದು, ಲೆನ್ಸಿನ ಬೂಷ್ಟು ನೋಡಿ ಬೇಜಾರಾಗುವುದು. ಈಗ ನಾಲ್ಕು ವರ್ಷದಿಂದ ಅದೇ ಎರಡು ತಿಂಗಳು ನನಗೆ ಸುಗ್ಗಿ. ಮದುವೆ ಬಿಟ್ಟು ಸುತ್ತಲಿನ ಜಾಗಗಳ ಚಿತ್ರ ತೆಗೆದು ಮಾರುತ್ತೇನೆ. ಕಳೆದ ವರ್ಷ ಕ್ಯಾಲೆಂಡರ್, ಫ್ರೇಮು ಎಲ್ಲ ಸೇರಿ ಖರ್ಚು ಕಳೆದು ಎಪ್ಪತ್ತು ಸಾವಿರದ ಹತ್ತಿರ ಉಳಿಯಿತು. ಎರಡು ಸಣ್ಣ ಮದುವೆಯ ದುಡ್ಡು, ಅಷ್ಟೇ. ಆದರೆ ಯಾರ ಮಾವನ ಕೈಲೂ ಬೈಸಿಕೊಳ್ಳದೆ ಬಂದ ದುಡ್ಡು.

ಶುರುವಿನಲ್ಲಿ ನಮ್ಮ ಸ್ಟುಡಿಯೋ ಗೆಳೆಯರೆಲ್ಲ ನಕ್ಕಿದ್ದರು. 'ಕಲ್ಲು, ನೀರು ತೆಗೆದರೆ ಯಾರು ದುಡ್ಡು ಕೊಡ್ತಾರೆ ಮಾರಾಯ, ಮೊಬೈಲಲ್ಲೇ ಎಲ್ಲರೂ ತೆಗೀತಾರೆ' ಎಂದರು. ನನ್ನ ಹೆಂಡತಿ ಅಷ್ಟೂ ಹೇಳಲಿಲ್ಲ. 'ಮದುವೆ ಇಲ್ಲದ ದಿನಾನಾದ್ರೂ ಮನೇಲಿರಿ' ಎಂದಳು. ಅವಳ ಮಾತಿಗೆ ಉತ್ತರ ಇವತ್ತಿಗೂ ಇಲ್ಲ. ಗೆಳೆಯರಿಗೆ ಉತ್ತರ ಈ ಬರಹ.

ಮೊದಲನೇ ವರ್ಷ ನಾನು ಮಾಡಿದ್ದು ಶುದ್ಧ ದಡ್ಡತನ. ಬೆಳಿಗ್ಗೆ ಐದಕ್ಕೆ ಬೈಕ್ ಹತ್ತಿ ದೊಡ್ಡಗದ್ದವಳ್ಳಿ, ಬೇಲೂರು, ಹಳೇಬೀಡು, ಆಮೇಲೆ ಸಕಲೇಶಪುರ, ಮಂಜರಾಬಾದ್ ಕೋಟೆ. ಒಂದೇ ದಿನದಲ್ಲಿ ಎಲ್ಲವೂ. ರಾತ್ರಿ ಮನೆಗೆ ಬಂದು ನೋಡಿದರೆ ಏಳುನೂರು ಫೋಟೊ. ಅದರಲ್ಲಿ ಮನೆ ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಬೆಳಕು ಚೆನ್ನಾಗಿದ್ದಾಗ ನಾನು ರಸ್ತೆಯಲ್ಲಿದ್ದೆ, ಜಾಗ ಸಿಕ್ಕಾಗ ಬೆಳಕು ಕೆಟ್ಟಿತ್ತು. ಇಂಥ ಸವಾರಿ ಆರೇಳು ಮಾಡಿದೆ. ಪೆಟ್ರೋಲು, ಊಟ, ಒಂದು ಪಂಕ್ಚರ್, ನೆನೆದು ಹಾಳಾದ ಒಂದು ಫ್ಲ್ಯಾಶು ಎಲ್ಲ ಸೇರಿ ಎಂಟು ಹತ್ತು ಸಾವಿರ ನೀರಲ್ಲಿ ಹೋಮ.

ಆಮೇಲೆ ಹಟ ಹಿಡಿದೆ. ಒಂದು ದಿನಕ್ಕೆ ಒಂದೇ ಜಾಗ, ಒಂದು ವರ್ಷಕ್ಕೆ ಒಂದೇ ಚಿತ್ರ. ಮಿಕ್ಕಿದ್ದು ಸಿಕ್ಕರೆ ಸಿಗಲಿ. ಜಾಗ ಶೆಟ್ಟಿಹಳ್ಳಿ ಚರ್ಚು.

ಹಾಸನದಿಂದ ಸುಮಾರು 20 ಕಿ.ಮೀ. ನಮ್ಮವರಿಗೆ ಯಾರಿಗೂ ಈ ಜಾಗ ಹೇಳಿಕೊಡಬೇಕಿಲ್ಲ. ಪ್ರಿವೆಡ್ಡಿಂಗ್ ಶೂಟ್ ಅಂತ ನಾನೇ ನಲವತ್ತು ಜೋಡಿಗಳನ್ನಾದರೂ ಅಲ್ಲಿ ನಿಲ್ಲಿಸಿದ್ದೇನೆ. ಆದರೆ ಚರ್ಚನ್ನು ಮಾತ್ರ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಅದು ಯಾವಾಗಲೂ ಹುಡುಗಿಯ ಹಿಂದೆ ಮಸುಕಾಗಿ ಇರುತ್ತಿತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಇಟ್ಟಿಗೆ, ಗಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ಊರವರು ಹೇಳುತ್ತಾರೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು. ಊರು ಎದ್ದು ಹೋಯಿತು, ಚರ್ಚು ಹಿನ್ನೀರಲ್ಲಿ ಉಳಿಯಿತು. ಚಾವಣಿ ಇಲ್ಲ. ಗೋಡೆ, ಕಮಾನು, ಆಕಾಶ, ಇಷ್ಟೇ. ಬೇಸಿಗೆಯಲ್ಲಿ ದನ ಮೇಯುತ್ತವೆ, ಒಳಗೆ ನಡೆದುಕೊಂಡೇ ಹೋಗಬಹುದು. ಮಳೆಗಾಲ ಚೆನ್ನಾಗಿ ಆದರೆ ಅರ್ಧ ಮುಳುಗುತ್ತದೆ.

ಎಲ್ಲರೂ ತೆಗೆಯುವ ಚಿತ್ರ ಎರಡು. ಒಣ ನೆಲದ ಮೇಲೆ ನಿಂತ ಚರ್ಚು, ಇಲ್ಲದಿದ್ದರೆ ಮುಳುಗಿದ ಚರ್ಚು. ನನಗೆ ಬೇಕಾಗಿದ್ದು ಇವೆರಡರ ನಡುವಿನದು. ಆ ಕಮಾನುಗಳ ಮೇಲ್ತುದಿ ಚೂಪು. ನೀರು ಸರಿಯಾಗಿ ಕಮಾನು ತಿರುಗುವ ಮಟ್ಟಕ್ಕೆ ಬಂದು ನಿಂತರೆ, ಮೇಲಿನ ಕಮಾನು, ಕೆಳಗೆ ನೀರಿನಲ್ಲಿ ಕಾಣುವ ಅದರ ನೆರಳು ಎರಡೂ ಸೇರಿ ಒಂದು ಕಣ್ಣಿನ ಆಕಾರ ಆಗುತ್ತದೆ. ಒಂದಲ್ಲ, ಸಾಲಾಗಿ ಕಣ್ಣುಗಳು. ನೀರು ಎರಡು ಅಡಿ ಜಾಸ್ತಿಯಾದರೂ ಕಣ್ಣು ಮುಚ್ಚುತ್ತದೆ. ಎರಡು ಅಡಿ ಕಮ್ಮಿಯಾದರೆ ಅದು ಬರೀ ಕಿಟಕಿ.

ಈಗ ನೋಡಿ, ಇದಕ್ಕೆ ಬೇಕಾದ ಸಾಮಾನು ಕ್ಯಾಮೆರಾ ಅಂಗಡಿಯಲ್ಲಿ ಸಿಗುವುದಿಲ್ಲ. ಐದಾರು ರೂಪಾಯಿಯ ದಿನಪತ್ರಿಕೆಯಲ್ಲಿ ಸಿಗುತ್ತದೆ. ಒಳಪುಟದಲ್ಲಿ ದಿನಾ ಜಲಾಶಯದ ಮಟ್ಟ ಹಾಕುತ್ತಾರಲ್ಲ, ಅದು. ಹೇಮಾವತಿ ಗರಿಷ್ಠ 2,922 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್. ರೈತರು ನೋಡುತ್ತಾರೆ, ನಾವು ಯಾವತ್ತೂ ನೋಡುವುದಿಲ್ಲ. ಎರಡನೇ ವರ್ಷ ನಾನು ಮಾಡಿದ ಕೆಲಸ ಇಷ್ಟೇ. ಹದಿನೈದು ದಿನಕ್ಕೊಮ್ಮೆ ಹೋಗಿ ಮೊಬೈಲಲ್ಲಿ ಒಂದೇ ಜಾಗದಿಂದ ಒಂದು ಫೋಟೊ ತೆಗೆದು, ಆ ದಿನದ ಅಡಿ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದಿಟ್ಟೆ. ವರ್ಷದ ಕೊನೆಗೆ ಯಾವ ಅಡಿಗೆ ಕಣ್ಣು ತೆರೆಯುತ್ತದೆ ಅಂತ ಗೊತ್ತಾಯಿತು. ಆ ಅಂಕಿ ಮಾತ್ರ ಕೇಳಬೇಡಿ. ಒಂದು ವರ್ಷ ಓಡಾಡಿ ಸಂಪಾದಿಸಿದ್ದು. ನೀವೂ ಓಡಾಡಿ.

ಅಂಕಿ ಸಿಕ್ಕ ಮೇಲೂ ಸೋತೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಕಡೆ. ಅಲ್ಲಿ, ಸಕಲೇಶಪುರದಲ್ಲಿ ಎರಡು ದಿನ ಜಡಿಮಳೆ ಹೊಡೆದರೆ ಗೊರೂರಿನಲ್ಲಿ ನೀರು ಸರಸರ ಏರುತ್ತದೆ. ಜೋರು ಒಳಹರಿವಿದ್ದರೆ ದಿನಕ್ಕೆ ಎರಡು ಮೂರು ಅಡಿಯೂ ಏರಿದ್ದಿದೆ. ಅಂದರೆ ನನ್ನ ಕಣ್ಣು ತೆರೆದಿರುವುದು ಒಂದೋ ಎರಡೋ ಬೆಳಗು. ಆ ಬೆಳಗು ಮಳೆ, ಗಾಳಿ. ನೀರಿನ ಮೇಲೆ ಅಲೆ. ನೆರಳು ಎಲ್ಲಿಂದ ಬರಬೇಕು?

ಅಲೆ ಹೋಗಲಿ ಅಂತ ಎನ್‌ಡಿ ಫಿಲ್ಟರ್ ತಂದೆ. ಲೆನ್ಸಿನ ಮುಂದೆ ಹಾಕಿ ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು ಅದು. ಮೊದಲು ಆರುನೂರು ರೂಪಾಯಿಯದು. ಅದು ಹಾಕಿದರೆ ಚರ್ಚೆಲ್ಲ ನೇರಳೆ ಹಣ್ಣಿನ ಬಣ್ಣ. ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಗಾರೆಯ ಬಣ್ಣ ಬರಲಿಲ್ಲ. ಆಮೇಲೆ ನಾಲ್ಕೂವರೆ ಸಾವಿರ ಕೊಟ್ಟು ಆರು ಸ್ಟಾಪಿನ, ಅಂದರೆ ಬೆಳಕನ್ನು ಆರು ಸಲ ಅರ್ಧರ್ಧ ಮಾಡುವ ಒಳ್ಳೆಯದು ತಂದೆ. ಅರ್ಧ ಸೆಕೆಂಡಿನ ಕಡೆ ಮೂವತ್ತು ಸೆಕೆಂಡು ತೆರೆದಿಡಬಹುದು. ನೀರು ಹಾಲಿನ ಹಾಗೆ ನಯವಾಯಿತು, ಸರಿ. ಆದರೆ ನೆರಳೂ ಹಾಲಿನ ಹಾಗೇ ಕಲಸಿಹೋಯಿತು. ಕಣ್ಣಿನ ಕೆಳರೆಪ್ಪೆ ಇಲ್ಲ. ಇನ್ನೊಂದು ತೊಂದರೆ, ಹಿನ್ನೀರಿನ ದಡ ಬರೀ ಕೆಸರು. ಮೂವತ್ತು ಸೆಕೆಂಡಿನಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಕೂದಲೆಳೆಯಷ್ಟು ಇಳಿದರೂ ಸಾಕು, ಚಿತ್ರ ಕಸದಬುಟ್ಟಿಗೆ. ಎರಡು ಮೂರು ಬೆಳಗು ಹೀಗೇ ಹೋಯಿತು. ಇದಕ್ಕೆ ಔಷಧಿ ಅಂಗಡಿಯಲ್ಲೇ ಬಿದ್ದಿತ್ತು. ಪೆನ್‌ಡ್ರೈವ್ ಬಂದ ಮೇಲೆ ಯಾರಿಗೂ ಬೇಡವಾದ ಖಾಲಿ ಡಿವಿಡಿ ಇನ್ನೂರಿದ್ದವು. ಒಂದೊಂದು ಕಾಲಿಗೆ ನಾಲ್ಕು ಡಿವಿಡಿ ಟೇಪ್ ಸುತ್ತಿ ಚಪ್ಪಲಿ ಮಾಡಿದೆ. ಕೆಸರಿನ ಮೇಲೆ ಕೂತ ಹಾಗೆ ಕೂರುತ್ತದೆ. ಊರ ಹುಡುಗರು ನೋಡಿ ನಕ್ಕರು. ನಗಲಿ.

ದಾರಿ ತೋರಿಸಿದ್ದು ಒಬ್ಬ ಮೀನುಗಾರ. ಆಷಾಢದಲ್ಲಿ ನಾನು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾಗ, 'ಅಣ್ಣಾ, ಏರೋ ನೀರಿನ ಹಿಂದೆ ಯಾಕೆ ಓಡ್ತೀರಾ? ಇಳಿಯೋವಾಗ ನಿಧಾನಕ್ಕೆ ಇಳಿಯುತ್ತೆ' ಎಂದ. ತಲೆಗೆ ಹೊಡೆದ ಹಾಗಾಯಿತು. ಹೌದಲ್ವಾ? ಅದೇ ಅಡಿ ವರ್ಷಕ್ಕೆ ಎರಡು ಸಲ ಬರಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಏರುವಾಗ ದಿನಕ್ಕೆ ಅಡಿಗಳ ಲೆಕ್ಕ, ಇಳಿಯುವಾಗ ಅಂಗುಲಗಳ ಲೆಕ್ಕ. ಇಳಿಯುವ ಹೊತ್ತಿಗೆ ಚಳಿಗಾಲ. ಗಾಳಿ ಇಲ್ಲ, ಮಂಜು ಇದೆ. ಅದೃಷ್ಟ ಇದ್ದರೆ ಅದು ಧನುರ್ಮಾಸಕ್ಕೇ ಬೀಳುತ್ತದೆ, ಲಗ್ನವೂ ಇಲ್ಲ. ಕೆಲವು ವರ್ಷ ಹಿಂದೆ ಮುಂದೆ ಆಗುತ್ತದೆ. ಆಗ ಮದುವೆಗೆ ಹುಡುಗನನ್ನು ಕಳಿಸಿ ನಾನು ಹೋದದ್ದೂ ಉಂಟು.

ಆ ವರ್ಷ ಹತ್ತು ಹನ್ನೆರಡು ದಿನದ ಅವಕಾಶ ಸಿಕ್ಕಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಾರಸಿಗೆ ಹೋಗುತ್ತಿದ್ದೆ. ನಕ್ಷತ್ರ ಚೆನ್ನಾಗಿ ಕಾಣಬೇಕು, ತೆಂಗಿನ ಗರಿ ಅಲುಗಾಡಬಾರದು, ಚಳಿ ಕಿವಿಗೆ ಹತ್ತಬೇಕು. ಮೂರೂ ಇದ್ದರೆ ಬೈಕು, ಇಲ್ಲದಿದ್ದರೆ ಹಾಸಿಗೆ. ಚಳಿಗೆ ನೀರಿನಿಂದ ಹೊಗೆಯ ಹಾಗೆ ಮಂಜು ಏಳುತ್ತದೆ. ಮೊದಲ ಐದು ಬೆಳಗು ಮಂಜು ಎಷ್ಟಿತ್ತೆಂದರೆ ಚರ್ಚೇ ಕಾಣಲಿಲ್ಲ. ನನ್ನ ಹಳೆಯ ಚಟದಂತೆ ಬೇರೆ ಕಡೆ ಓಡದೆ ಅಲ್ಲೇ ಕೂತೆ. ಆರನೇ ದಿನ ಸೂರ್ಯ ಹುಟ್ಟಿ ಇಪ್ಪತ್ತು ನಿಮಿಷಕ್ಕೆ ಮಂಜು ಮೇಲಕ್ಕೆ ಎದ್ದಿತು. ಕೆಳಗೆ ಮೂರಾಳು ಎತ್ತರದಷ್ಟು ಜಾಗ ತೆರೆಯಿತು. ನೀರು ಕನ್ನಡಿ. ಕಣ್ಣುಗಳು ಸಾಲಾಗಿ ತೆರೆದಿದ್ದವು. ಐದೋ ಆರೋ ನಿಮಿಷ ಅಷ್ಟೇ. ಫಿಲ್ಟರ್ ಬೇಕಾಗಲಿಲ್ಲ. ನಾಲ್ಕೂವರೆ ಸಾವಿರದ್ದು ಬ್ಯಾಗಿನಲ್ಲೇ ಇತ್ತು.

ಕ್ಯಾಮೆರಾ ಬಗ್ಗೆ ಕೇಳುವವರಿಗೆ: ಮದುವೆಗೆ ಬೇಡ ಅಂತ ಪಕ್ಕಕ್ಕಿಟ್ಟ ಹಳೇ ಬಾಡಿ, ಜೊತೆಗೆ ಬಂದ 18-55 ಲೆನ್ಸು. ಇವತ್ತು ಮಾರಿದರೆ ಎರಡೂ ಸೇರಿ ಹದಿನೈದು ಸಾವಿರ ಬಂದರೆ ಹೆಚ್ಚು. ಎಲ್ಲಿ ನಿಂತು ತೆಗೆದೆ ಅನ್ನುವುದನ್ನು ಬರೆಯುವುದಿಲ್ಲ. ಪ್ರಿವೆಡ್ಡಿಂಗ್ ಜೋಡಿಗಳು ನಿಲ್ಲುವ ಕಡೆ ಅಲ್ಲ, ಅಷ್ಟು ಹೇಳಬಲ್ಲೆ. ತೆಪ್ಪದಲ್ಲಿ ಹೋಗುವ ಆಸೆ ಇದ್ದರೆ ಮಳೆಗಾಲದಲ್ಲಿ ಬೇಡ. ಲೈಫ್ ಜಾಕೆಟ್ ಸಾವಿರ ರೂಪಾಯಿ ಒಳಗೇ ಬರುತ್ತದೆ, ನಿಮ್ಮದೇ ಒಂದು ಇಟ್ಟುಕೊಳ್ಳಿ. ನಾನು ಅದಿಲ್ಲದೆ ಹತ್ತುವುದಿಲ್ಲ. ನನಗೆ ಈಜು ಬರುವುದಿಲ್ಲ.

ನೀರು ಸರಿಯಿಲ್ಲದ ದಿನ ಏನು ಮಾಡುತ್ತಿದ್ದೆ ಅಂತ ಕೇಳಿದರೆ, ಪ್ರಯೋಗ. ಮಂಜರಾಬಾದ್ ಕೋಟೆ ಟಿಪ್ಪು ಕಾಲದ್ದು, 1792ರಲ್ಲಿ ಮುಗಿದದ್ದು, ಎಂಟು ಮೂಲೆಯ ನಕ್ಷತ್ರ. ಆದರೆ ನೆಲದಲ್ಲಿ ನಿಂತರೆ ಗೋಡೆ ಬಿಟ್ಟು ಏನೂ ಕಾಣದು. ಡ್ರೋನ್ ಇರುವವರ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಇಪ್ಪತ್ತಡಿ ಬಿದಿರು ಗಳಕ್ಕೆ ಹಳೇ ಮೊಬೈಲ್ ಕಟ್ಟಿ ಎತ್ತಿದೆ. ಕಂಡದ್ದು ಇನ್ನಷ್ಟು ಗೋಡೆ. ಎರಡನೇ ಸಲ ಎತ್ತುವಾಗ ಮೊಬೈಲ್ ಬಿತ್ತು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಹಳೇಬೀಡಿನಲ್ಲಿ ಮಾತ್ರ ಒಂದು ಗೆದ್ದೆ. ಮಟಮಟ ಮಧ್ಯಾಹ್ನ ಫೋಟೊ ತೆಗೆಯಬಾರದು ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಹೊಯ್ಸಳೇಶ್ವರ ದೇವಸ್ಥಾನದ ಬಾಗಿಲು ಪೂರ್ವಕ್ಕೆ, ಆದ್ದರಿಂದ ಹಿಂದಿನ ಗೋಡೆ ಪಶ್ಚಿಮಕ್ಕೆ. ಬೆಳಿಗ್ಗೆಯೆಲ್ಲ ಆ ಗೋಡೆ ನೆರಳಲ್ಲೇ ಇರುತ್ತದೆ. ಹನ್ನೆರಡೂವರೆ ದಾಟುತ್ತಿದ್ದ ಹಾಗೆ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಸವರುವ ಬಿಸಿಲು ಪಕ್ಕದಿಂದಲೂ ಬರುತ್ತದೆ. ಮೇಲಿನ ದೊಡ್ಡ ವಿಗ್ರಹಗಳ ಮೇಲೆ ಸೂರಿನ ನೆರಳು ಬೀಳುತ್ತದೆ, ಅವನ್ನು ಬಿಡಿ. ಕೆಳಗಿನ ಸಾಲು ನೋಡಿ. ಆನೆ, ಸಿಂಹ, ಕುದುರೆ ಸವಾರರು, ಒಂದೊಂದೂ ಬಳಪದ ಕಲ್ಲಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಸುಮಾರು ಮುಕ್ಕಾಲು ಗಂಟೆ ಆಟ. ಆ ಹೊತ್ತಿಗೆ ಫೋಟೊದವರೆಲ್ಲ ಊಟಕ್ಕೆ ಹೋಗಿರುತ್ತಾರೆ. ಅಲ್ಲಿ ಅನುಮತಿ ಇಲ್ಲದೆ ಸ್ಟ್ಯಾಂಡ್ ಇಡುವ ಹಾಗಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನವೂ ಜಾಸ್ತಿ ಕಾಣುತ್ತಾರೆ. ಆದರೆ ಅಷ್ಟು ಬಿಸಿಲಿಗೆ ಸ್ಟ್ಯಾಂಡ್ ಯಾಕೆ ಬೇಕು, ಕೈಯಲ್ಲೇ ಸಾಕು.

ದುಡ್ಡಿನ ವಿಷಯ. ಮೊದಲ ಕ್ಯಾಲೆಂಡರ್ ಮುನ್ನೂರು ಪ್ರತಿ ಹಾಕಿಸಿದೆ. ಒಂದಕ್ಕೆ ಎಪ್ಪತ್ತು ಎಪ್ಪತ್ತೈದು ಬಿತ್ತು. ಒಂದು ಪ್ರೆಸ್ಸಿನವರು ಡಿಸೆಂಬರ್ ಮೊದಲ ವಾರ ಕೊಡುತ್ತೇನೆ ಅಂದು ಜನವರಿ ಎಂಟಕ್ಕೆ ಕೊಟ್ಟರು. ಸಂಕ್ರಾಂತಿ ಹೊತ್ತಿಗೆ ಕ್ಯಾಲೆಂಡರ್ ಯಾರು ಕೊಳ್ಳುತ್ತಾರೆ? ನೂರ ಐವತ್ತರ ಕ್ಯಾಲೆಂಡರನ್ನು ಐವತ್ತಕ್ಕೆ ಕೊಟ್ಟೆ. ಆದರೂ ನೂರು ಉಳಿದವು, ಇವತ್ತಿಗೂ ಆಲ್ಬಮ್ ಸುತ್ತಿಕೊಡಲು ಅದೇ ಹಾಳೆ. ಈಗ ಅಕ್ಟೋಬರಿನಲ್ಲೇ ಪ್ರೆಸ್ಸಿಗೆ ಕೊಡುತ್ತೇನೆ, ಅರ್ಧ ದುಡ್ಡು ಮಾಲು ಬಂದ ಮೇಲೆ.

ನಿಜವಾದ ದುಡ್ಡು ಫ್ರೇಮಿನಲ್ಲಿದೆ. ಸಕಲೇಶಪುರದ ಹೋಂಸ್ಟೇಗಳ ಗೋಡೆ ನೋಡಿದ್ದೀರಾ? ಎಲ್ಲಿಯದೋ ಹಿಮದ ಬೆಟ್ಟ, ಎಲ್ಲಿಯದೋ ಸಮುದ್ರ. ಒಬ್ಬ ಮಾಲೀಕರ ಮಗಳ ಮದುವೆ ನಾನೇ ತೆಗೆದದ್ದು. ಅವರ ಹಜಾರದಲ್ಲಿ ಶೆಟ್ಟಿಹಳ್ಳಿಯ ಚಿತ್ರ ಎರಡಡಿ ಮೂರಡಿಗೆ ಹಾಕಿಸಿ ಸುಮ್ನೆ ಬಿಟ್ಟು ಬಂದೆ. 'ಹದಿನೈದು ದಿನ ಇರಲಿ ಸಾರ್, ಬೇಡ ಅಂದ್ರೆ ತಗೊಂಡು ಹೋಗ್ತೀನಿ' ಎಂದೆ. ಹತ್ತನೇ ದಿನಕ್ಕೆ ಫೋನ್ ಬಂತು. ಬಂದವರೆಲ್ಲ ಇದು ಎಲ್ಲಿ ಅಂತ ಕೇಳುತ್ತಾರಂತೆ. ಇನ್ನೂ ನಾಲ್ಕು ಬೇಕಂತೆ. ಒಂದಕ್ಕೆ ಸಾವಿರದ ಮುನ್ನೂರರ ಹತ್ತಿರ ಖರ್ಚು, ಮೂರು ಸಾವಿರಕ್ಕೆ ಕೊಡುತ್ತೇನೆ. ಅವರು ಇನ್ನೊಬ್ಬರಿಗೆ ಹೇಳಿದರು. ಕಳೆದ ವರ್ಷ ಮೂವತ್ತರ ಮೇಲೆ ಹೋಯಿತು. ಅಂದು ನಕ್ಕ ಗೆಳೆಯರಲ್ಲಿ ಇಬ್ಬರು ಈಗ ದಿನಾ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡುತ್ತಾರಂತೆ.

ಒಂದು ತಲೆನೋವು ಮಾತ್ರ ಇನ್ನೂ ಬಗೆಹರಿದಿಲ್ಲ. ಸಕಲೇಶಪುರದ ಥಂಡಿಗೆ ಗಾಜು ಹಾಕಿದ ಫ್ರೇಮುಗಳು ಎರಡನೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತಿವೆ. ಪೇಪರು ಗಾಜಿಗೆ ಅಂಟಿಕೊಂಡು ಮಂಜಿನ ಜಾಗವೆಲ್ಲ ಕಲೆ. ಆರು ಫ್ರೇಮು ಪುಕ್ಕಟೆ ಬದಲಾಯಿಸಿಕೊಟ್ಟೆ. ಈಗ ಗಾಜು ಬಿಟ್ಟು ಕ್ಯಾನ್ವಾಸ್ ಮೇಲೆ ಹಾಕಿಸಿ, ಹಿಂದೆ ಬಾಟಲಿ ಮುಚ್ಚಳ ಅಂಟಿಸಿ, ಗೋಡೆಗೆ ತಾಗದ ಹಾಗೆ ಎರಡು ನೇತುಹಾಕಿದ್ದೇನೆ. ಒಂದು ಹೋಂಸ್ಟೇಯ ಊಟದ ಹಜಾರದಲ್ಲಿ, ಒಂದು ನಮ್ಮ ಮನೆ ಬಚ್ಚಲಿನ ಪಕ್ಕದಲ್ಲಿ. ಈ ಆಷಾಢ ಕಳೆಯಲಿ, ಎರಡನ್ನೂ ಇಳಿಸಿ ನೋಡುತ್ತೇನೆ.