ಹ್ಯಾಶಿಮೊಟೊ, ಗ್ರೇವ್ಸ್: ಮಾತ್ರೆ ನುಂಗುವ ಕ್ರಮ, ಚಿಕಿತ್ಸೆ ಆರಿಸುವ ಬಗೆ

ಥೈರಾಯ್ಡ್ ಏರುಪೇರಾಗಿದೆ ಎಂದು ವರದಿ ಬಂದರೆ, ಮಾತ್ರೆ ಶುರುವಾಗುವ ಮೊದಲೇ ಒಂದು ವಿಷಯ ಖಚಿತವಾಗಬೇಕು: ಗ್ರಂಥಿ ಸೋತಿದೆಯೋ, ಮಿತಿಮೀರಿ ದುಡಿಯುತ್ತಿದೆಯೋ, ಅದಕ್ಕೆ ಕಾರಣ ದೇಹದ ರೋಗನಿರೋಧಕ ವ್ಯವಸ್ಥೆಯೋ ಬೇರೇನೋ. ಹ್ಯಾಶಿಮೊಟೊ ಕಾಯಿಲೆಯಲ್ಲಿ ಈ ವ್ಯವಸ್ಥೆ ತನ್ನದೇ ಗ್ರಂಥಿಯನ್ನು ವರ್ಷಗಟ್ಟಲೆ ಸವೆಸುತ್ತಾ ಹೋಗುತ್ತದೆ. ಹಾರ್ಮೋನು ಇಳಿಯುತ್ತದೆ, ಗ್ರಂಥಿಯನ್ನು ದುಡಿಸಲೆಂದು ಮೆದುಳಿನ ಬುಡದ ಪಿಟ್ಯುಟರಿ ಕಳಿಸುವ ಟಿಎಸ್‌ಎಚ್ ಏರುತ್ತದೆ. ಗ್ರೇವ್ಸ್‌ನಲ್ಲಿ ಅದೇ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು ಟಿಎಸ್‌ಎಚ್‌ನ ಜಾಗದಲ್ಲಿ ಕೂತು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ. ಹಾರ್ಮೋನು ಉಕ್ಕುತ್ತದೆ, ಟಿಎಸ್‌ಎಚ್ ನೆಲಕಚ್ಚುತ್ತದೆ.

ಬೇಕಾಗುವ ರಕ್ತಪರೀಕ್ಷೆಗಳು ಹೆಚ್ಚಿಲ್ಲ. ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನು) ಎಲ್ಲರಿಗೂ ಬೇಕು. ಹ್ಯಾಶಿಮೊಟೊ ಅನುಮಾನವಿದ್ದರೆ ಗ್ರಂಥಿಯ ವಿರುದ್ಧ ಏಳುವ ಟಿಪಿಒ ಪ್ರತಿಕಾಯವನ್ನು ಒಮ್ಮೆ ನೋಡಿದರೆ ಸಾಕು. ಅದು ಏರಿಳಿಯಿತೆಂದು ಚಿಕಿತ್ಸೆ ಬದಲಾಗುವುದಿಲ್ಲ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಅಳೆಸಿ ಆತಂಕಪಡುವುದರಲ್ಲಿ ಅರ್ಥವಿಲ್ಲ. ಗ್ರೇವ್ಸ್‌ನಲ್ಲಿ ಗ್ರಂಥಿಯನ್ನು ದುಡಿಸುವ ಟಿಆರ್‌ಎಬಿ ಪ್ರತಿಕಾಯದ ಮಾತು ಬೇರೆ. ಮಾತ್ರೆ ನಿಲ್ಲಿಸಬಹುದೇ ಎಂಬ ತೀರ್ಮಾನಕ್ಕೆ ಅದೇ ಆಧಾರ, ಹಾಗಾಗಿ ಅದನ್ನು ಮತ್ತೆ ನೋಡಲೇಬೇಕು. ಹೆರಿಗೆಯಾದ ಕೆಲವು ತಿಂಗಳಲ್ಲಿ ಹಾರ್ಮೋನು ಏರಿದ್ದರೂ ಈ ಪರೀಕ್ಷೆ ಮಾಡಿಸಿ. ಬಾಣಂತಿಯರಲ್ಲಿ ಬರುವ ಥೈರಾಯ್ಡ್ ಉರಿಯೂತವೂ ಮೇಲ್ನೋಟಕ್ಕೆ ಗ್ರೇವ್ಸ್‌ನಂತೆಯೇ ಕಾಣುತ್ತದೆ. ಆದರೆ ಅಲ್ಲಿ ಗ್ರಂಥಿ ಹೊಸ ಹಾರ್ಮೋನು ತಯಾರಿಸುತ್ತಿರುವುದಿಲ್ಲ, ಕೂಡಿಟ್ಟದ್ದು ಸೋರುತ್ತಿರುತ್ತದೆ. ತಯಾರಿಕೆ ತಡೆಯುವ ಮಾತ್ರೆ ಅಲ್ಲಿ ಕೆಲಸಕ್ಕೆ ಬಾರದು.

ರಕ್ತ ಕೊಡುವ ಮೊದಲು ನೋಡಬೇಕಾದ್ದು ಕೂದಲು, ಉಗುರಿಗೆಂದು ತಿನ್ನುವ ವಿಟಮಿನ್ ಮಾತ್ರೆಯ ಡಬ್ಬಿ. ಅದರಲ್ಲಿ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿದ್ದರೆ ಹಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಕೆಲವೊಮ್ಮೆ ಟಿಆರ್‌ಎಬಿ ಕೂಡ ಇದೆ ಎಂದೇ ತೋರಿಸುತ್ತದೆ. ಗ್ರಂಥಿ ಸರಿಯಾಗಿಯೇ ಇದ್ದವರ ಕೈಗೂ ಗ್ರೇವ್ಸ್ ವರದಿ ಬರುವುದು ಹೀಗೆ. ಕನಿಷ್ಠ 2 ದಿನ ಮೊದಲೇ ಅದನ್ನು ನಿಲ್ಲಿಸಿ.

ಹ್ಯಾಶಿಮೊಟೊ: ಮಾತ್ರೆ ಒಂದೇ, ನಿಯಮ ಹಲವು

ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಲೆವೊಥೈರಾಕ್ಸಿನ್ (ಟಿ4 ಹಾರ್ಮೋನಿನ ಮಾತ್ರೆ) ಶುರು ಮಾಡುತ್ತಾರೆ. 4ರಿಂದ 10ರ ನಡುವೆ ಇದ್ದು ಫ್ರೀ ಟಿ4 ಸರಿಯಾಗಿದ್ದರೆ ಆತುರ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ, ಎಷ್ಟೋ ಸಲ ತಾನಾಗಿಯೇ ಇಳಿದಿರುತ್ತದೆ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. 70 ದಾಟಿದವರಿಗೆ 6 ಬಂದ ಕೂಡಲೇ ಮಾತ್ರೆ ಕೊಟ್ಟರೆ ಲಾಭಕ್ಕಿಂತ ಎದೆಬಡಿತ ತಪ್ಪುವ ಅಪಾಯವೇ ಹೆಚ್ಚಾಗಬಹುದು. ಬಸುರಿಯರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಈ ತಾಳ್ಮೆ ಅನ್ವಯಿಸುವುದಿಲ್ಲ. ಅವರು ಕೂಡಲೇ ವೈದ್ಯರನ್ನು ಕಾಣಬೇಕು.

ಗ್ರಂಥಿ ಪೂರ್ತಿ ಸೋತಿದ್ದರೆ ದಿನಕ್ಕೆ ಬೇಕಾಗುವುದು ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ 96, ಅಂದರೆ 100ರ ಮಾತ್ರೆ. ಗ್ರಂಥಿಗೆ ಇನ್ನೂ ಶಕ್ತಿ ಉಳಿದಿದ್ದರೆ ಇದಕ್ಕಿಂತ ಕಡಿಮೆ ಸಾಕು. ಹೃದಯದ ತೊಂದರೆ ಇದ್ದವರಿಗೆ, ತುಂಬಾ ವಯಸ್ಸಾದವರಿಗೆ 12.5 ಅಥವಾ 25ರಿಂದ ಶುರುಮಾಡಿ ಮೆಲ್ಲನೆ ಏರಿಸುತ್ತಾರೆ. ಮೊದಲ ದಿನವೇ ಪೂರ್ತಿ ಕೊಟ್ಟರೆ ಹೃದಯದ ಮೇಲೆ ಒತ್ತಡ ಬೀಳುತ್ತದೆ.

ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಅದಕ್ಕೇ ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಕಾಯದೆ ಮಾಡಿಸಿದ ಪರೀಕ್ಷೆ ನಿಜ ಹೇಳುವುದಿಲ್ಲ. ಎರಡನೇ ವಾರಕ್ಕೇ ರಕ್ತ ಕೊಟ್ಟು, ಸಾಲಲಿಲ್ಲವೆಂದು ಏರಿಸಿ, ಮತ್ತೆರಡು ವಾರಕ್ಕೆ ಹೆಚ್ಚಾಯಿತೆಂದು ಇಳಿಸಿದರೆ ಲೆಕ್ಕ ಎಂದೂ ಕೂಡುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಂಪನಿ ಬದಲಾದರೂ ಅದು ಬದಲಾವಣೆಯೇ.

ಡೋಸ್ ಸರಿಯಿದ್ದೂ ಟಿಎಸ್‌ಎಚ್ ಇಳಿಯುತ್ತಿಲ್ಲವೆಂದರೆ, ಡೋಸ್ ಏರಿಸುವ ಮೊದಲು ಬೆಳಗಿನ ಒಂದೂವರೆ ತಾಸನ್ನು ಗಡಿಯಾರ ಇಟ್ಟು ನೋಡಿ. ಆರೂವರೆಗೆ ಮಾತ್ರೆ, ಆರು ನಲವತ್ತಕ್ಕೆ ಹಾಲು ಹಾಕಿದ ಕಾಫಿ, ಎಂಟಕ್ಕೆ ತಿಂಡಿಯ ಜೊತೆ ಕಬ್ಬಿಣದ ಮಾತ್ರೆ. ನುಂಗಿದ್ದರಲ್ಲಿ ಒಂದು ಪಾಲು ಕಾಫಿಯಿಂದಾಗಿ, ಇನ್ನೊಂದು ಪಾಲು ಕಬ್ಬಿಣಕ್ಕೆ ಅಂಟಿಕೊಂಡು ಹೊಟ್ಟೆಯಲ್ಲೇ ಉಳಿಯಿತು. ರಕ್ತಕ್ಕೆ ಸೇರಿದ್ದು ಅರೆಬರೆ. ಇದಕ್ಕೆ ಪರಿಹಾರ ಹೀಗೆ:

- ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ನುಂಗಿ. ಆಮೇಲೆ ಕಾಫಿ, ಟೀ, ತಿಂಡಿಗೆ 30ರಿಂದ 60 ನಿಮಿಷ ತಡೆಯಿರಿ, 60 ಆದರೆ ಒಳ್ಳೆಯದು.
- ಕಬ್ಬಿಣ, ಕ್ಯಾಲ್ಸಿಯಂ, ಅಸಿಡಿಟಿಗೆ ಕುಡಿಯುವ ಆಂಟಾಸಿಡ್, ಇವುಗಳಿಗೆ 4 ಗಂಟೆ ಅಂತರ ಕೊಡಿ.
- ಬೆಳಿಗ್ಗೆ ಆಗದಿದ್ದರೆ ರಾತ್ರಿ ಮಲಗುವಾಗ ನುಂಗಿ, ಊಟವಾಗಿ 3 ಗಂಟೆ ಕಳೆದಿರಲಿ. ಯಾವ ಹೊತ್ತಾದರೂ ಸರಿ, ದಿನಾ ಅದೇ ಹೊತ್ತು.
- ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಿ. ಮೊದಲೇ ನುಂಗಿದರೆ ಕೆಲವು ಗಂಟೆಗಳ ಕಾಲ ಫ್ರೀ ಟಿ4 ಮೇಲೇರಿರುತ್ತದೆ.
- ಅಡುಗೆಮನೆಯ ಶಾಖ, ಬಚ್ಚಲಿನ ತೇವ ತಾಗದ ಕಡೆ ಇಡಿ. ಈ ಮಾತ್ರೆ ಬಿಸಿಗೆ, ಬೆಳಕಿಗೆ, ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಒಂದು ದಿನ ಮರೆತರೆ ಗಾಬರಿ ಬೇಡ, ಹಾರ್ಮೋನು ಒಂದೇ ದಿನದಲ್ಲಿ ಕರಗಿಹೋಗುವುದಿಲ್ಲ. ಮರುದಿನ ಎರಡು ನುಂಗಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಹೃದಯದ ತೊಂದರೆ ಇದ್ದವರು ಕೇಳದೆ ಹಾಗೆ ಮಾಡಬಾರದು. ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಂತರೆ ಮಾತ್ರ ಕಾಯಬಾರದು. ಆಗ ಬೇಕಾಗುವ ಪ್ರಮಾಣ ಕಾಲು ಭಾಗಕ್ಕೂ ಮಿಕ್ಕಿ ಏರುತ್ತದೆ. ವಾರಕ್ಕೆ 7ರ ಬದಲು 9 ಮಾತ್ರೆ ಎಂಬುದು ವೈದ್ಯರು ಬಳಸುವ ಸುಲಭ ಲೆಕ್ಕ. ಗರ್ಭಕ್ಕೆ ಪ್ರಯತ್ನಿಸುವಾಗಲೇ ಈ ಮಾತನ್ನು ಅವರೊಂದಿಗೆ ಆಡಿ ಮುಗಿಸಿ. ಆಮೇಲೆ ಗರ್ಭದ ಅರ್ಧ ಅವಧಿಯವರೆಗೆ 4 ವಾರಕ್ಕೊಮ್ಮೆ ಪರೀಕ್ಷೆ.

ಟಿಎಸ್‌ಎಚ್ ಸರಿಹೋಗಿಯೂ ಸುಸ್ತು ಬಿಡದಿದ್ದರೆ ಅದು ಮನಸ್ಸಿನ ಭ್ರಮೆಯಲ್ಲ, ಹಾಗೆಂದು ಥೈರಾಯ್ಡ್‌ನದೇ ಆಗಬೇಕೆಂದೂ ಇಲ್ಲ. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12 ನೋಡಿಸಿ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಖಿನ್ನತೆ ಇದೆಯೇ ಎಂದು ವಿಚಾರಿಸಿ. ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ಎರಗುವ (ಆಟೋಇಮ್ಯೂನ್) ಒಂದು ಕಾಯಿಲೆ ಇದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಹೆಚ್ಚು, ಬಿ12 ಹೀರಲಾಗದ ರಕ್ತಹೀನತೆ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಗಳು ಹೀಗೇ ಜೊತೆಗೂಡುತ್ತವೆ. ತೂಕ ಇಳಿಯುತ್ತಾ, ನಿಂತರೆ ತಲೆಸುತ್ತು ಬಂದು, ಚರ್ಮ ಕಪ್ಪಾಗುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಮೊದಲು ಪರೀಕ್ಷಿಸಬೇಕು. ಅದು ಸೋತಿರುವಾಗ ಲೆವೊಥೈರಾಕ್ಸಿನ್ ಕೊಟ್ಟರೆ ಜೀವಕ್ಕೇ ಅಪಾಯ.

ಇವೆಲ್ಲ ನೋಡಿದ ಮೇಲೂ ಸರಿಹೋಗದ ಕೆಲವರಿಗೆ ಇನ್ನೊಂದು ಥೈರಾಯ್ಡ್ ಹಾರ್ಮೋನಾದ ಟಿ3ಯ ಮಾತ್ರೆಯನ್ನು ಜೊತೆಗೆ ಕೊಟ್ಟು ಕೆಲವು ತಿಂಗಳು ನೋಡುವುದುಂಟು. ಅದರ ಪರಿಣಾಮ ಬೇಗ ಏರಿ ಬೇಗ ಇಳಿಯುತ್ತದೆ, ಎದೆ ಡವಗುಟ್ಟಬಹುದು. ಬಸುರಿಯರಿಗೆ, ಹೃದಯದ ತೊಂದರೆ ಇದ್ದವರಿಗೆ ಬೇಡ. ಪ್ರಾಣಿಗಳ ಗ್ರಂಥಿಯಿಂದ ಮಾಡಿದ ಮಾತ್ರೆಯಲ್ಲಿ ಟಿ3 ಪಾಲು ಮನುಷ್ಯರ ಗ್ರಂಥಿ ಸ್ರವಿಸುವುದಕ್ಕಿಂತ ಬಹಳ ಹೆಚ್ಚು, ನಮ್ಮ ಮಟ್ಟಿಗೆ ಅದನ್ನು ಸಲಹೆ ಮಾಡುವುದಿಲ್ಲ. ಕಡಲಪಾಚಿ, ಅಯೋಡಿನ್ ಹನಿಗಳಿಂದಲೂ ದೂರವಿರಿ. ಹೆಚ್ಚುವರಿ ಅಯೋಡಿನ್ ಹ್ಯಾಶಿಮೊಟೊವನ್ನು ಕೆರಳಿಸುತ್ತದೆ.

ಗ್ರೇವ್ಸ್: ಮೂರು ದಾರಿ

ಮೊದಲ ದಾರಿ ಹಾರ್ಮೋನು ತಯಾರಿಕೆ ತಡೆಯುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆ, 12ರಿಂದ 18 ತಿಂಗಳು. ಗ್ರಂಥಿ ಉಳಿಯುತ್ತದೆ ಎಂಬುದೇ ಇದರ ದೊಡ್ಡ ಗುಣ. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸುತ್ತದೆ. ಗ್ರಂಥಿ ದೊಡ್ಡದಿದ್ದರೆ, ಟಿಆರ್‌ಎಬಿ ಹೆಚ್ಚೇ ಉಳಿದಿದ್ದರೆ, ಧೂಮಪಾನ ಇದ್ದರೆ ಆ ಸಂಭವ ಇನ್ನೂ ಜಾಸ್ತಿ. ಮೊದಲ ತಿಂಗಳುಗಳಲ್ಲಿ ಟಿಎಸ್‌ಎಚ್ ಮೇಲೇಳಲಿಲ್ಲವೆಂದು ಡೋಸ್ ಏರಿಸಬಾರದು. ಅದು ತಿಂಗಳುಗಟ್ಟಲೆ ಮಲಗಿಯೇ ಇರಬಹುದು, ಫ್ರೀ ಟಿ4 ಮತ್ತು ಟಿ3 ನೋಡಿಯೇ ನಡೆಯಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆಗಳಿಂದ ಮಗುವಿನ ಅಂಗರಚನೆಗೆ ತೊಂದರೆಯಾಗಬಹುದು, ಆಗ ಇದೇ ಬಗೆಯ ಇನ್ನೊಂದು ಮಾತ್ರೆಯಾದ ಪಿಟಿಯು ಬಳಸುತ್ತಾರೆ. ಪಿಟಿಯುವಿನಿಂದ ಯಕೃತ್ತಿಗೆ ಅಪಾಯವಿರುವುದರಿಂದ ಉಳಿದವರಿಗೆ ಅದು ಮೊದಲ ಆಯ್ಕೆಯಲ್ಲ.

ಈ ಮಾತ್ರೆಗಳ ವಿಷಯದಲ್ಲಿ ಮನೆಯವರಿಗೂ ತಿಳಿದಿರಬೇಕಾದ ಒಂದು ಮಾತಿದೆ. ಅಪರೂಪಕ್ಕೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಬಿಳಿ ರಕ್ತಕಣಗಳು ಇದ್ದಕ್ಕಿದ್ದಂತೆ ಕುಸಿಯುತ್ತವೆ. ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಅಂದೇ ಮಾತ್ರೆ ನಿಲ್ಲಿಸಿ, ಅಂದೇ ರಕ್ತಕಣಗಳ ಎಣಿಕೆ ಮಾಡಿಸಿ. ಸಾಮಾನ್ಯ ಶೀತವೆಂದು ಮೂರು ದಿನ ಕಾಯುವಂತಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ, ಮೈ ತುಂಬಾ ತುರಿಕೆ ಎದ್ದರೆ ಕೂಡ ಅಂದೇ ಮಾತ್ರೆ ನಿಲ್ಲಿಸಿ, ಯಕೃತ್ತಿನ ಪರೀಕ್ಷೆ ಮಾಡಿಸಿ.

ಎರಡನೆಯದು ವಿಕಿರಣ ಅಯೋಡಿನ್. ನುಂಗಿದ ಅಯೋಡಿನ್ ಗ್ರಂಥಿಗೆ ಹೋಗಿ ಅದನ್ನು ಒಳಗಿನಿಂದ ಸುಡುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದೆ ಕಾಯಿಲೆ ಮುಗಿಯುತ್ತದೆ, ಆದರೆ ಫಲ ಕಾಣಲು ವಾರಗಳು, ತಿಂಗಳುಗಳು ಬೇಕು. ಬಸುರಿಯರಿಗೆ, ಹಾಲುಣಿಸುವವರಿಗೆ ಕೊಡುವಂತೆಯೇ ಇಲ್ಲ. ಆಮೇಲೆ ಕನಿಷ್ಠ 6 ತಿಂಗಳು ಗರ್ಭ ಮುಂದೂಡಬೇಕು. ಕೆಲವು ದಿನ ಪುಟ್ಟ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಮನೆಯಲ್ಲಿ ಎಳೆಗೂಸಿದ್ದರೆ ಇದೇ ದೊಡ್ಡ ತೊಡಕು. ಕಣ್ಣು ಉಬ್ಬಿ, ಕೆಂಪಾಗಿ, ಎರಡೆರಡು ಕಾಣುತ್ತಿದ್ದರೆ ಈ ದಾರಿ ಬಿಡುವುದೇ ಮೇಲು, ಕಣ್ಣಿನ ತೊಂದರೆ ಹೆಚ್ಚಾಗಬಹುದು. ಯಾವ ದಾರಿ ಹಿಡಿದರೂ ಕಣ್ಣಿಗಾಗಿ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಕೆಲಸ ಬೀಡಿ, ಸಿಗರೇಟು ಬಿಡುವುದು.

ಮೂರನೆಯದು ಗ್ರಂಥಿಯನ್ನೇ ತೆಗೆಯುವುದು. ಗ್ರಂಥಿ ಉಸಿರುನಾಳವನ್ನು ಒತ್ತುವಷ್ಟು ದೊಡ್ಡದಿದ್ದರೆ, ಅನುಮಾನದ ಗಂಟಿದ್ದರೆ, ಕಣ್ಣಿನ ತೊಂದರೆ ತೀವ್ರವಿದ್ದರೆ ಇದು ಸರಿಯಾದ ಆಯ್ಕೆ. ಸ್ವರತಂತುವಿನ ನರಕ್ಕೆ ಪೆಟ್ಟು ಬಿದ್ದರೆ ದನಿ ಒಡೆಯುತ್ತದೆ. ಹಿಂದೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್‌ಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿದು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ. ಅದು ಕಂಡ ಕೂಡಲೇ ಹೇಳಬೇಕು. ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಇದರಲ್ಲಿ 25ಕ್ಕಿಂತ ಹೆಚ್ಚು ಮಾಡುವ ಕೈಗೆ ತೊಡಕು ಕಡಿಮೆ.

ಎರಡನೆಯ ದಾರಿಯಲ್ಲಿ ಬಹುಪಾಲು ಜನರಿಗೆ, ಮೂರನೆಯದರಲ್ಲಿ ಗ್ರಂಥಿ ಪೂರ್ತಿ ತೆಗೆದವರೆಲ್ಲರಿಗೂ ಜೀವನಪರ್ಯಂತ ಲೆವೊಥೈರಾಕ್ಸಿನ್ ಬೇಕು. ಖಾಲಿ ಹೊಟ್ಟೆ, ಕಾಫಿ, ಕಬ್ಬಿಣದ ಲೆಕ್ಕವೆಲ್ಲ ಅವರಿಗೂ ಹಾಗೇ ಅನ್ವಯಿಸುತ್ತದೆ. ವಿಕಿರಣ ಅಯೋಡಿನ್ ತೆಗೆದುಕೊಂಡವರು ಮೊದಲ ಪರೀಕ್ಷೆಯನ್ನು ಒಂದೆರಡು ತಿಂಗಳೊಳಗೆ ಮಾಡಿಸಬೇಕು, ಅದರಲ್ಲಿ ಫ್ರೀ ಟಿ4 ಇರಲೇಬೇಕು. ಗ್ರಂಥಿ ಆಗಲೇ ಸೋತಿದ್ದರೂ ಟಿಎಸ್‌ಎಚ್ ಇನ್ನೂ ಹಳೆಯ ನಿದ್ದೆಯಲ್ಲೇ ಇರಬಹುದು.