ಮಸಾರಿ ಹೊಲಕ್ಕೆ ಡ್ಯಾಮಿನ ಹೂಳು ಹೇರಿದ್ದು

ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಇಳಿದರೆ ನಮ್ಮ ಕೊಪ್ಪಳದ ಕಡೆ ಟ್ರ್ಯಾಕ್ಟರ್ ಸಾಲು ಶುರುವಾಗುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ 105ರ ಹತ್ತಿರಕ್ಕೆ ಬಂದಿದೆ. ಕಡಿಮೆಯಾದದ್ದೆಲ್ಲ ಹೂಳು. ಟ್ರೇಲರಿಗೆ ಮೂರು ಘನ ಮೀಟರ್ ಅಂತ ಲೆಕ್ಕ ಹಾಕಿ ನೋಡಿದೆ, 26 ಕೋಟಿ ಟ್ರಿಪ್! ರೈತರೇ ಹೊತ್ತು ಡ್ಯಾಮಿನ ಹೂಳು ಖಾಲಿ ಮಾಡ್ತಾರೆ ಅನ್ನೋದು ಸುಮ್ನೆ ಮಾತು. ನನಗೆ ಬೇಕಾಗಿದ್ದು ಎರಡು ಎಕರೆ ಮಸಾರಿಗೆ, ಅಂದರೆ ಕೆಂಪು ಮಣ್ಣಿನ ಹೊಲಕ್ಕೆ, ಒಂದಿಷ್ಟು ಗೋಡು ಮಣ್ಣು (ನೀರು ತಂದು ಬಿಟ್ಟ ನುಣುಪು ಮಣ್ಣು).

ಮೊದಲ ವರ್ಷ ಆಸೆ ಜಾಸ್ತಿಯಾಯಿತು. ಒಂದು ಎಕರೆಗೆ ನೂರು ಟ್ರೇಲರ್ ಸುರಿಸಿದೆ. ಹರಡಿದಾಗ ಎರಡೂವರೆ ಮೂರು ಇಂಚು ದಪ್ಪ. ಮಳೆ ಬಿದ್ದು ಬಿಸಿಲು ಹತ್ತಿದ ಮೇಲೆ ಹೊಲ ಹೆಂಚಿನ ಹಾಗಾಯಿತು. ಶೇಂಗಾ ಕೀಳುವಾಗ ಗಿಡ ಕೈಗೆ ಬಂತು, ಕಾಯಿ ನೆಲದಲ್ಲೇ ಉಳಿಯಿತು. "ಅಣ್ಣಾರ, ಇದು ಹೊಲಾನೋ ಗಚ್ಚೋ?" ಅಂತ ಕೂಲಿಗೆ ಬಂದಾಕೆ ನಕ್ಕಳು.

ಆಮೇಲೆ ಬಾಟಲಿ ಪರೀಕ್ಷೆ ಕಲಿತೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳ ಹಿಡಿಯುತ್ತದೆ. ನುಣುಪು ಗೋಡಿಗೆ ಒಂದೆರಡು ತಾಸು. ಜಿಗುಟು ಜೇಡಿಗೆ ಇಡೀ ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ನನ್ನದರಲ್ಲಿ ಜೇಡಿಯೇ ಅರ್ಧಕ್ಕಿಂತ ಹೆಚ್ಚಿತ್ತು, ಹೊಲ ಗಟ್ಟಿಯಾಗಿದ್ದು ಅದಕ್ಕೇ. ನದಿ ಡ್ಯಾಮಿಗೆ ಸೇರುವ ಕಡೆ ದಪ್ಪ ಕಣ ಮೊದಲು ಕೂರುತ್ತದೆ, ಕಟ್ಟೆ ಹತ್ತಿರ ಬಂದಷ್ಟೂ ಜೇಡಿ ಹೆಚ್ಚು. ನಾನು ಹೇರಿದ್ದು ಈ ಜೇಡಿ ಕಡೆಯದು.

ಹಾಗಂತ ಮೇಲ್ಭಾಗಕ್ಕೆ ಹೋಗಿ ಬಗೆಯುವ ಹಾಗಿಲ್ಲ. ಡ್ಯಾಮಿನ ನಿರ್ವಹಣೆಗೆ ಹೂಳು ತೆಗೆಯಲು ಮುಂಚಿತ ಪರಿಸರ ಅನುಮತಿ ಬೇಡ ಅಂತ 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೇಳಿದೆ, ನಿಜ. ಅದನ್ನೇ ಹಿಡಿದು ಪಕ್ಕದ ಹೊಲದವರು "ಮತ್ತೆ ಕಾಗದ ಯಾಕೆ?" ಅಂದರು. ಆದರೆ ಮೇಲ್ಭಾಗದ ಆ ದಪ್ಪ ಕಣ ಅಂದರೆ ಮರಳು. ಮರಳು ಉಪಖನಿಜ, ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಬೇಕೇ ಬೇಕು. ಹೂಳಿನ ಹೆಸರಲ್ಲಿ ಮರಳು ಹೇರಿದ ಅವರ ಟ್ರೇಲರ್ ಸ್ಟೇಷನ್ ಮುಂದೆ ನಿಂತಿತು. ನನ್ನ ಅನುಮತಿ ಪತ್ರದಲ್ಲಿ ಇದ್ದದ್ದು ಇಷ್ಟೇ: ಗುರುತು ಮಾಡಿದ ಜಾಗದಲ್ಲೇ ತೆಗೆಯಿರಿ, ಗುಂಡಿ ತೋಡಬೇಡಿ, ಮಾರಬೇಡಿ. ಗುಂಡಿಯ ಮಾತು ಆಗ ಕಿರಿಕಿರಿ ಅನಿಸಿತ್ತು. ನೀರು ಏರಿದ ಮೇಲೆ ಅಂಥದೊಂದು ಗುಂಡಿಯಲ್ಲಿ ಎಮ್ಮೆ ಸಿಕ್ಕಿಕೊಂಡಿದ್ದು ನೋಡಿದೆ.

ಎರಡನೇ ಎಕರೆಗೆ ಮೂವತ್ತೇ ಟ್ರೇಲರ್, ಜೊತೆಗೆ ತಿಪ್ಪೆಗೊಬ್ಬರ, ಎರಡು ಸಲ ಕುಂಟೆ ಹೊಡೆದೆ. ಶೇಂಗಾ ಬುಡ ಸಮೇತ ಬಂತು. ಈ ಸಲ ಅಣ್ಣನ ಹೊಲಕ್ಕೂ ಹೇರಬೇಕು. ಬಾಟಲಿ ನಿನ್ನೆಯಿಂದ ಕಿಟಕಿಯಲ್ಲಿದೆ, ನೀರು ಇನ್ನೂ ತಿಳಿಯಾಗಿಲ್ಲ.