ಆರು ಗಂಟೆಯ ಗಡುವು, ನೂರೆಂಬತ್ತು ದಿನದ ಲಾಗ್: ನಾನು ಸಿದ್ಧವಾಗಿಟ್ಟುಕೊಳ್ಳುವ ಬಗೆ

ಸರ್ವರ್‌ಗೆ ಯಾರೋ ನುಗ್ಗಿದ್ದಾರೆ ಎಂದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಐಟಿ ಕಾಯ್ದೆಯ 70ಬಿ ಕಲಂ ಅಡಿ 2022ರ ಏಪ್ರಿಲ್ 28ರಂದು ಬಂದ ನಿರ್ದೇಶನ ಇದು. ಲೆಕ್ಕ ಶುರುವಾಗುವುದು ದಾಳಿ ನಡೆದ ಹೊತ್ತಿನಿಂದಲ್ಲ, ನಮ್ಮ ಗಮನಕ್ಕೆ ಬಂದ ಹೊತ್ತಿನಿಂದ. ಆನ್‌ಕಾಲ್‌ನಲ್ಲಿದ್ದವರು ರಾತ್ರಿ 2ಕ್ಕೆ ಅಲರ್ಟ್ ನೋಡಿದ್ದರೆ ಬೆಳಿಗ್ಗೆ 8ಕ್ಕೆ ಗಡುವು ಮುಗಿಯಿತು. ಮ್ಯಾನೇಜರ್ 10ಕ್ಕೆ ಬಂದು ‘ಮೀಟಿಂಗ್ ಮಾಡಿ ನೋಡೋಣ’ ಎನ್ನುವಷ್ಟು ಪುರಸೊತ್ತಿಲ್ಲ. ಹಾಗಾಗಿ ವರದಿ ಕಳಿಸುವ ಅಧಿಕಾರ ಯಾರಿಗೆ, ಅವರು ಸಿಗದಿದ್ದರೆ ಯಾರಿಗೆ ಎಂಬುದನ್ನು ಮೊದಲೇ ಬರೆಸಿ ಸಹಿ ಹಾಕಿಸಿಕೊಂಡಿರುತ್ತೇನೆ. ಆರು ಗಂಟೆಯಲ್ಲಿ ಪೂರ್ತಿ ಚಿತ್ರ ಸಿಗುವುದಿಲ್ಲ, ಸಿಗಬೇಕೆಂದೂ ಇಲ್ಲ. ಗೊತ್ತಿರುವಷ್ಟನ್ನು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು.

ನಿಜವಾದ ಕೆಲಸ ಇರುವುದು ಲಾಗ್‌ಗಳಲ್ಲಿ, ಅಂದರೆ ಯಾವಾಗ ಏನಾಯಿತೆಂದು ಯಂತ್ರವೇ ಬರೆದಿಡುವ ದಾಖಲೆಗಳಲ್ಲಿ. ಅದೇ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಕೈಯಲ್ಲಿರಬೇಕು. ಡೀಫಾಲ್ಟ್ ಸೆಟ್ಟಿಂಗ್ ನಂಬಿ ಕೂತರೆ ಇರುವುದಿಲ್ಲ. ಲಿನಕ್ಸ್‌ನಲ್ಲಿ ಹಳೆಯ ಲಾಗ್ ತೆಗೆದುಹಾಕುವ ಲಾಗ್‌ರೊಟೇಟ್ ಪ್ರೋಗ್ರಾಂ ಸಾಮಾನ್ಯವಾಗಿ ವಾರಕ್ಕೊಂದರಂತೆ 4 ಹಳೆಯ ಫೈಲ್ ಇಟ್ಟುಕೊಂಡು ಉಳಿದದ್ದನ್ನು ಬಿಸಾಕುತ್ತದೆ. ಅದನ್ನು ಕನಿಷ್ಠ 26ಕ್ಕೆ ಏರಿಸಬೇಕು. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ ಯಾರು ಏನು ಮಾಡಿದರೆಂದು ದಾಖಲಿಸುವ ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿಯಲ್ಲಿ ಸಿಗುವುದು 90 ದಿನದ್ದು ಮಾತ್ರ, ಹೆಚ್ಚು ಬೇಕಿದ್ದರೆ ಟ್ರೇಲ್ (ಕಾಯಂ ದಾಖಲೆಯ ವ್ಯವಸ್ಥೆ) ಮಾಡಿ ಅಲ್ಲಿನ ಸಂಗ್ರಹ ಸೇವೆ ಎಸ್3ಗೆ ಕಳಿಸಬೇಕು. ಆ್ಯಪ್ ಓಡುವ ಪ್ರತ್ಯೇಕ ಡಬ್ಬಿಯಂಥ ಡಾಕರ್ ಕಂಟೇನರ್ ಅಳಿಸಿದರೆ ಅದರ ಲಾಗೂ ಹೋಯಿತು. ಇನ್ನೊಂದು ಎಡವಟ್ಟು: ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದೆ ಆ್ಯಪ್ ಇದ್ದರೆ ಸಾಮಾನ್ಯವಾಗಿ ಪ್ರತಿ ಸಾಲಿನಲ್ಲೂ ಬ್ಯಾಲೆನ್ಸರ್‌ನ ಐಪಿಯೇ (ಇಂಟರ್ನೆಟ್ ವಿಳಾಸ) ಬಿದ್ದಿರುತ್ತದೆ. ಆರು ತಿಂಗಳ ಲಾಗ್ ಇದ್ದೂ ಬಂದವರು ಯಾರೆಂದು ತಿಳಿಯುವುದಿಲ್ಲ.

ಗಡಿಯಾರವನ್ನೂ ನೋಡಿ. ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಎನ್‌ಪಿಎಲ್‌ನ ಟೈಮ್ ಸರ್ವರ್‌ಗೆ ಹೊಂದಿಸಿರಬೇಕೆಂದು ನಿರ್ದೇಶನದಲ್ಲಿದೆ. ಅದಕ್ಕಿಂತ ಹೆಚ್ಚು ಕಾಡುವುದು ಐದೂವರೆ ಗಂಟೆಯ ಗೊಂದಲ. ಡೇಟಾಬೇಸ್ ಯುಟಿಸಿಯಲ್ಲಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ಫೈರ್‌ವಾಲ್ ಭಾರತೀಯ ಸಮಯದಲ್ಲಿ ಬರೆಯುತ್ತಿದ್ದರೆ, ಕಳ್ಳ ಬಾಗಿಲು ತೆಗೆಯುವ ಮುಂಚೆಯೇ ಡೇಟಾ ಹೊತ್ತೊಯ್ದಂತೆ ಕಾಣುತ್ತದೆ. ನಾನು ಎಲ್ಲ ಕಡೆ ಯುಟಿಸಿಯನ್ನೇ ಇಡುತ್ತೇನೆ. ವರದಿ ಬರೆಯುವಾಗ ಮಾತ್ರ ಭಾರತೀಯ ಸಮಯಕ್ಕೆ ತಿರುಗಿಸಿ, ಪಕ್ಕದಲ್ಲಿ ಹಾಗೆಂದು ನಮೂದಿಸುತ್ತೇನೆ.

ಲಾಗ್ ಹೆಚ್ಚು ದಿನ ಇಟ್ಟಷ್ಟೂ ಜನರ ಗುಟ್ಟೂ ಹೆಚ್ಚು ದಿನ ನಮ್ಮ ಬಳಿ ಉಳಿಯುತ್ತದೆ. ದೋಷ ಹುಡುಕಲೆಂದು ಎಲ್ಲವನ್ನೂ ಬರೆಯುವ ಡೀಬಗ್ ಲೆವೆಲ್ ಆನ್ ಆಗಿದ್ದರೆ ಲಾಗಿನ್ ರಿಕ್ವೆಸ್ಟ್ ಇಡಿಯಾಗಿ ಫೈಲಿಗೆ ಬೀಳುತ್ತದೆ: ಮೊಬೈಲ್ ನಂಬರ್, ಒಟಿಪಿ, ಪಾಸ್‌ವರ್ಡ್ ಎಲ್ಲ. ಆಮೇಲೆ ತಿದ್ದೋಣವೆಂದರೆ ತಿದ್ದಿದ ಲಾಗ್ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಮರೆಮಾಚುವುದು ಬರೆಯುವ ಮುಂಚೆಯೇ, ಲಾಗರ್‌ನ ಒಳಗೇ ಆಗಬೇಕು. ಮೊಬೈಲ್‌ನ ಕೊನೆಯ 4 ಅಂಕಿ ಉಳಿಸುತ್ತೇನೆ. ಪಾಸ್‌ವರ್ಡ್, ಒಟಿಪಿ, ಆಧಾರ್ ಇರುವ ಫೀಲ್ಡ್‌ಗಳನ್ನು ಬರೆಯದೇ ಬಿಡುತ್ತೇನೆ. ವೈಯಕ್ತಿಕ ಡೇಟಾ ರಕ್ಷಣೆಯ ಡಿಪಿಡಿಪಿ ನಿಯಮಗಳು ಪೂರ್ತಿ ಜಾರಿಗೆ ಬಂದಾಗ ಲಾಗ್ ಒಂದು ವರ್ಷ ಇಡಬೇಕು, ಸೋರಿಕೆಯ ವಿವರವನ್ನು 72 ಗಂಟೆಯಲ್ಲಿ ಡೇಟಾ ಸಂರಕ್ಷಣಾ ಮಂಡಳಿಗೂ ಕೊಡಬೇಕು. ಈಗಿನಿಂದಲೇ ಡಿಸ್ಕ್ ಜಾಗದ ಲೆಕ್ಕ ಹಾಕುವುದು ಒಳ್ಳೆಯದು.

ಘಟನೆ ಆದಾಗ ಎಲ್ಲರೂ ಮೊದಲು ಮಾಡುವುದು ಸರ್ವರ್ ರೀಸ್ಟಾರ್ಟ್. ದಯವಿಟ್ಟು ಬೇಡ, ಮೆಮೊರಿಯಲ್ಲಿದ್ದ ಕುರುಹು ಅಲ್ಲಿಗೆ ಮುಗಿಯಿತು. ನಾನು ನೆಟ್‌ವರ್ಕ್ ಕಡಿದು, ಮೆಮೊರಿಯ ನಕಲು ತೆಗೆದು, ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಹಿಡಿದು, ಲಾಗ್ ನಕಲು ಮಾಡಿ, ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಯಾರು ಎಷ್ಟು ಹೊತ್ತಿಗೆ ತೆಗೆದರೆಂದು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ಆ ಹ್ಯಾಶ್ ಆಮೇಲೆ ಬೇಕೇ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಮೊದಲ ಭಾಗಕ್ಕೆ ಸಹಿ ಹಾಕುವುದು ಸಾಧನದ ಉಸ್ತುವಾರಿ ಇದ್ದವರು, ಎರಡನೆಯದಕ್ಕೆ ತಜ್ಞರು. ಅಂದರೆ ಆ ಸಹಿ ಕಂಪನಿಯ ಹೆಸರಿನಲ್ಲಲ್ಲ, ಒಬ್ಬ ವ್ಯಕ್ತಿಯ ಹೆಸರಿನಲ್ಲಿ. ಸ್ವತಃ ತೆಗೆಯದ, ಹ್ಯಾಶ್ ತಾಳೆ ನೋಡದ ಫೈಲಿಗೆ ನಾನು ಸಹಿ ಹಾಕುವುದಿಲ್ಲ.

‘ಆ ಎರಡು ದಿನದ ಲಾಗ್ ಇಲ್ಲ ಅಂತ ಅಂದ್ಬಿಡಿ’ ಎಂಬ ಮಾತು ಮೇಲಿನವರಿಂದ ಬರುವುದು ಬಾಯಿಮಾತಿನಲ್ಲೇ, ಇಮೇಲ್‌ನಲ್ಲಿ ಬರುವುದು ಅಪರೂಪ. ಇಂಥದ್ದಕ್ಕೆ ನನ್ನದು ಒಂದೇ ಉತ್ತರ: ‘ಇಮೇಲ್ ಕಳಿಸಿ ಸಾರ್, ಲೀಗಲ್‌ನವರನ್ನೂ ಸೇರಿಸಿ.’ ಇಮೇಲ್ ಬಂದರೂ ಅಳಿಸುವಂತಿಲ್ಲ. ಸಾಕ್ಷಿ ಸಿಗಬಾರದೆಂದು ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಅಡಿ 3 ವರ್ಷದವರೆಗೆ ಶಿಕ್ಷೆಯಿದೆ. ಡಿಲೀಟ್ ಒತ್ತಿದ ಯೂಸರ್‌ನೇಮ್ ನಮ್ಮದೇ ಆಗಿರುತ್ತದೆ.

ಉಲ್ಟಾ ತಪ್ಪೂ ಇದೆ. ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಿಂದ ಫೋನ್ ಬಂದ ಕೂಡಲೇ ಗಾಬರಿಯಾಗಿ ಇಡೀ ಡೇಟಾಬೇಸ್ ಪೆನ್‌ಡ್ರೈವ್‌ಗೆ ಹಾಕಿ ಕೊಡುವವರಿದ್ದಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಂ ಅಡಿ ಲಿಖಿತ ನೋಟಿಸ್ ಕೇಳಿ. ಅದರಲ್ಲಿರುವ ಐಪಿ, ಅದರಲ್ಲಿರುವ ದಿನಾಂಕ, ಅಷ್ಟಕ್ಕೆ ಮಾತ್ರ ಲಾಗ್ ತೆಗೆದು, ಹ್ಯಾಶ್ ಸಹಿತ ಕೊಟ್ಟು, ಸ್ವೀಕೃತಿ ಬರೆಸಿಕೊಂಡು ಬನ್ನಿ.